ಎರಡನೆಯ ಹೆರಿಗೆಗೆ ಮುನ್ನ

ಮೊದಲ ಮಗು ಆಪರೇಷನ್ ಮೂಲಕ ಹುಟ್ಟಿದರೆ ಎರಡನೆಯದೂ ಹಾಗೆಯೇ ಹುಟ್ಟಬೇಕೇ? ಮಗಳೋ ಸೊಸೆಯೋ ಎರಡನೆಯ ಬಾರಿ ಗರ್ಭಿಣಿಯಾದ ಮನೆಯಲ್ಲಿ ಈ ಪ್ರಶ್ನೆ ಏಳದೆ ಇರುವುದಿಲ್ಲ. ಉತ್ತರ ಹೇಳುವವರಿಗೂ ಬರವಿಲ್ಲ. “ಒಮ್ಮೆ ಹೊಟ್ಟೆ ಕೊಯ್ದ ಮೇಲೆ ಮುಗಿಯಿತು, ಇನ್ನು ನಾರ್ಮಲ್ ಆಗುವ ಮಾತೇ ಇಲ್ಲ” ಎನ್ನುತ್ತಾರೆ ನೆರೆಮನೆಯವರು. “ನಾವೆಲ್ಲ ಮನೆಯಲ್ಲೇ ಏಳೆಂಟು ಹೆತ್ತವರು, ಈಗಿನವರಿಗೆ ನೋವು ತಿನ್ನುವ ಧೈರ್ಯವಿಲ್ಲ” ಎನ್ನುತ್ತಾರೆ ಅಜ್ಜಿ. ಹೆರಬೇಕಾದವಳು ಇಬ್ಬರ ಮಾತನ್ನೂ ಕೇಳುತ್ತಾ ಸುಮ್ಮನೆ ಕುಳಿತಿರುತ್ತಾಳೆ.

ಸಹೋದರಿಯರೇ, ನಾನು ವೈದ್ಯೆಯಲ್ಲ, ಅಧ್ಯಾಪಕಿ. ಯಾರಿಗೆ ಯಾವ ಹೆರಿಗೆ ಸೂಕ್ತ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ತೀರ್ಮಾನ ಹೆರಿಗೆ ಕೋಣೆಯ ಬಾಗಿಲಲ್ಲಿ, ನೋವಿನ ನಡುವೆ, ಅವಸರದಲ್ಲಿ ಆಗಬಾರದು ಎಂದು ಹೇಳಲು ವೈದ್ಯಕೀಯ ಓದಬೇಕಾಗಿಲ್ಲ. ಆರನೇ ತಿಂಗಳಲ್ಲೋ ಏಳನೇ ತಿಂಗಳಲ್ಲೋ ಕುಳಿತು, ಕೇಳಿ ತಿಳಿದು, ಅವಳೇ ತೆಗೆದುಕೊಳ್ಳಬೇಕಾದ ತೀರ್ಮಾನವಿದು.

“ಒಮ್ಮೆ ಆಪರೇಷನ್ ಆದರೆ ಯಾವಾಗಲೂ ಆಪರೇಷನ್” ಎಂಬ ಮಾತಿಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿದೆ. 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರಾಗಿನ್ ಈ ಅರ್ಥದ ಮಾತನ್ನು ಬರೆದರು. ಆ ಕಾಲದಲ್ಲಿ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಹೆರಿಗೆ ನೋವಿನಲ್ಲಿ ಬಲವಾಗಿ ಬಿಗಿಯುವ ಭಾಗ ಅದು. ಆದ್ದರಿಂದ ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಭಯ ನಿಜವಾಗಿಯೂ ದೊಡ್ಡದಿತ್ತು. ಇಂದು ಸಾಮಾನ್ಯವಾಗಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುತ್ತಾರೆ. ಈ ಗಾಯ ಎಷ್ಟೋ ಗಟ್ಟಿ. ಹೀಗಾಗಿ ಸಿಸೇರಿಯನ್ನಿನ ನಂತರವೂ ಸಹಜ ಹೆರಿಗೆಗೆ ಪ್ರಯತ್ನಿಸುವ ಪದ್ಧತಿ ಬಂದಿದೆ. ವೈದ್ಯರು ಇದನ್ನು ‘ವಿಬ್ಯಾಕ್’ ಎನ್ನುತ್ತಾರೆ.

ಇದರ ಲೆಕ್ಕ ಹೇಗಿದೆ? ಒಂದೇ ಒಂದು ಸಿಸೇರಿಯನ್ ಆದವರು, ಬೇರೆ ತೊಡಕಿಲ್ಲದೆ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 60ರಿಂದ 80 ಮಂದಿಗೆ ಅದು ಸಾಧ್ಯವಾಗುತ್ತದೆ. ಮೊದಲು ಒಮ್ಮೆಯಾದರೂ ಸಹಜ ಹೆರಿಗೆ ಆಗಿದ್ದವರಿಗೆ ಈ ಸಂಖ್ಯೆ 85ರಿಂದ 90ಕ್ಕೆ ಏರುತ್ತದೆ. ಹಾಗೆ ಹೆತ್ತವರು ಬೇಗ ಎದ್ದು ಓಡಾಡುತ್ತಾರೆ, ಹೊಟ್ಟೆಯ ಮೇಲೆ ಮತ್ತೊಂದು ಗಾಯ ಇರುವುದಿಲ್ಲ, ಮುಂದಿನ ಬಸಿರಿಗೂ ಅನುಕೂಲ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಪ್ರಯತ್ನಿಸಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಗರ್ಭಕೋಶದ ಹಳೆಯ ಹೊಲಿಗೆ ಬಿಡಬಹುದು. ಇದು ಅಪರೂಪ, ಆದರೆ ಸಂಭವಿಸಿದರೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ. ಆಗ ನಿಮಿಷಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ಅಲ್ಲದೆ ಗಂಟೆಗಟ್ಟಲೆ ನೋವು ತಿಂದು ಕೊನೆಗೆ ಆಪರೇಷನ್ನೇ ಆದರೆ, ಮೊದಲೇ ದಿನ ಗೊತ್ತುಮಾಡಿ ಮಾಡಿಸಿದ ಆಪರೇಷನ್‌ಗಿಂತ ಅದರಲ್ಲಿ ಸೋಂಕು, ರಕ್ತಸ್ರಾವ ಮುಂತಾದ ತೊಂದರೆ ಹೆಚ್ಚು.

ಹಾಗಾದರೆ ದಿನ ಗೊತ್ತುಮಾಡಿದ ಸಿಸೇರಿಯನ್ನೇ ನಿಶ್ಚಿಂತೆಯಲ್ಲವೇ? ಈ ಒಂದು ಹೆರಿಗೆಯ ಮಟ್ಟಿಗೆ ಹಲವರಿಗೆ ಹೌದು. ಆದರೆ ಪ್ರತಿಯೊಂದು ಕೊಯ್ತವೂ ಮುಂದಿನ ಬಸಿರಿಗೆ ಸಾಲ ಬಿಟ್ಟುಹೋಗುತ್ತದೆ. ಮುಂದಿನ ಸಲ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂರುವ, ಹಳೆಯ ಗಾಯದೊಳಗೆ ಬೇರೂರುವ ಅಪಾಯ ಏರುತ್ತಾ ಹೋಗುತ್ತದೆ. ಸುಮಾರು 30 ಸಾವಿರ ಮಹಿಳೆಯರ ಕುರಿತ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮಾಸು ಬಾಯಿಗೆ ಅಡ್ಡವಾಗಿದ್ದವರಲ್ಲಿ ಅದು ಹೀಗೆ ಬೇರೂರಿದ್ದು ಎರಡನೆಯ ಸಿಸೇರಿಯನ್‌ನಲ್ಲಿ ನೂರಕ್ಕೆ 11 ಮಂದಿಗೆ, ಮೂರನೆಯದರಲ್ಲಿ 40 ಮಂದಿಗೆ, ನಾಲ್ಕನೆಯದರಲ್ಲಿ 61 ಮಂದಿಗೆ. ಆಗ ವಿಪರೀತ ರಕ್ತ ಹೋಗಿ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಆದ್ದರಿಂದ ಎರಡು ಮಕ್ಕಳು ಸಾಕು ಎನ್ನುವವಳ ಲೆಕ್ಕ ಬೇರೆ, ನಾಲ್ಕು ಬೇಕು ಎನ್ನುವವಳ ಲೆಕ್ಕ ಬೇರೆ. ಗಂಡ ಹೆಂಡತಿ ಈ ಮಾತನ್ನು ಮೊದಲೇ ಆಡಿಕೊಂಡಿರಬೇಕು.

ಇನ್ನು ವೈದ್ಯರ ಬಳಿ ಹೋಗುವಾಗ ಏನನ್ನು ತಿಳಿದಿರಬೇಕು, ಏನನ್ನು ಕೇಳಬೇಕು?

ಮೊದಲನೆಯದಾಗಿ, ಹಳೆಯ ಕಾಗದ. ಹೊಟ್ಟೆಯ ಚರ್ಮದ ಮೇಲಿನ ಗುರುತು ನೋಡಿ ಒಳಗೆ ಗರ್ಭಕೋಶವನ್ನು ಹೇಗೆ ಕೊಯ್ದಿದ್ದಾರೆಂದು ಹೇಳಲಾಗದು. ಅದು ಗೊತ್ತಾಗುವುದು ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಸಮರಿಯಿಂದ, ಆಪರೇಷನ್ ಟಿಪ್ಪಣಿಯಿಂದ. ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿದ್ದರೆ, ಹಿಂದೆ ಹೊಲಿಗೆ ಬಿಟ್ಟಿದ್ದರೆ ಅಥವಾ ಈ ಸಲ ಮಾಸು ಬಾಯಿಗೆ ಅಡ್ಡವಾಗಿದ್ದರೆ ಸಹಜ ಹೆರಿಗೆಯ ಪ್ರಯತ್ನ ಸಲ್ಲದು.

ಎರಡನೆಯದಾಗಿ, ಮೊದಲ ಆಪರೇಷನ್ ಏಕೆ ಆಯಿತು? ಮಗು ತಲೆ ಮೇಲಾಗಿ ಕುಳಿತಿತ್ತು ಎಂಬಂತಹ ಕಾರಣವಾಗಿದ್ದರೆ ಅದು ಈ ಸಲ ಇಲ್ಲದಿರಬಹುದು. ನೋವು ಬಂದೂ ಹೆರಿಗೆ ಮುಂದುವರಿಯಲಿಲ್ಲ ಎಂಬುದು ಕಾರಣವಾಗಿದ್ದರೆ ಸಾಧ್ಯತೆ ಸ್ವಲ್ಪ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ.

ಮೂರನೆಯದಾಗಿ, ಅಂತರ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷವೂ ಆಗಿರದಿದ್ದರೆ ಹೊಲಿಗೆ ಬಿಡುವ ಅಪಾಯ ಹೆಚ್ಚು. ಒಂದು ಹೆರಿಗೆಯ ನಂತರ ಮತ್ತೆ ಬಸಿರಾಗಲು ಕನಿಷ್ಠ ಎರಡು ವರ್ಷ ಕಾಯಿರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನಾಲ್ಕನೆಯದಾಗಿ, ಆ ಆಸ್ಪತ್ರೆಯ ರಾತ್ರಿ ಹೇಗಿರುತ್ತದೆ? ನಡುರಾತ್ರಿ ಎರಡು ಗಂಟೆಗೆ ಅರಿವಳಿಕೆ ಕೊಡುವ ವೈದ್ಯರು ಸಿಗುತ್ತಾರೆಯೇ? ರಕ್ತ ಸಿಗುತ್ತದೆಯೇ? ಮಗುವಿನ ಎದೆಬಡಿತವನ್ನು ಬಿಡದೆ ಗಮನಿಸುವ ವ್ಯವಸ್ಥೆಯಿದೆಯೇ? ಇವು ಇಲ್ಲದ ಕಡೆ ವೈದ್ಯರು ಸಿಸೇರಿಯನ್ನೇ ಲೇಸು ಎಂದರೆ ಅದು ದುಡ್ಡಿನಾಸೆಯೆಂದು ತಿಳಿಯಬಾರದು. ತಮ್ಮ ಮಿತಿಯನ್ನು ಅರಿತು ಆಡಿದ ಮಾತೂ ಆಗಿರಬಹುದು. ಬೇಕಿದ್ದರೆ ಎಲ್ಲ ಸೌಕರ್ಯವಿರುವ ದೊಡ್ಡ ಆಸ್ಪತ್ರೆಯಲ್ಲಿ ಮುಂಚೆಯೇ ಹೆಸರು ನೋಂದಾಯಿಸಬಹುದು.

ದುಡ್ಡಿನ ಮಾತು ಬಂದುದರಿಂದ ಒಂದು ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ 31.5 ಹೆರಿಗೆಗಳು ಸಿಸೇರಿಯನ್. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಇದು 14.3, ಖಾಸಗಿಯಲ್ಲಿ 47.4. ಈ ಅಂತರ ಯೋಚಿಸುವಂತೆ ಮಾಡುತ್ತದೆ ನಿಜ. ಆದರೆ ನಿಮಗಾದ ಆಪರೇಷನ್ ಅಗತ್ಯವಿತ್ತೋ ಇಲ್ಲವೋ ಎಂಬುದನ್ನು ಈ ಅಂಕಿಗಳು ಹೇಳಲಾರವು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯೂ ಸಿಸೇರಿಯನ್ನೂ ಉಚಿತ. ಔಷಧಿ, ರಕ್ತ, ಹೋಗಿಬರುವ ವಾಹನವೂ ಅದರಲ್ಲಿ ಸೇರಿದೆ.

ಸಿಸೇರಿಯನ್ ಎಂದೇ ತೀರ್ಮಾನವಾದರೆ ದಿನಾಂಕವನ್ನು ವೈದ್ಯರು ಹೇಳಲಿ. ಬೇರೆ ತೊಂದರೆಯಿಲ್ಲದಿದ್ದರೆ ಸಾಮಾನ್ಯವಾಗಿ 39 ವಾರ ತುಂಬುವವರೆಗೆ ಕಾಯುತ್ತಾರೆ. ಅದಕ್ಕೂ ಮೊದಲು ಹೊರತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಗಲ್ಫ್‌ನಲ್ಲಿರುವ ಗಂಡನ ರಜೆ ಮುಗಿಯುತ್ತದೆ ಎಂದು ಎರಡು ವಾರ ಮೊದಲೇ ಮಗುವನ್ನು ತೆಗೆಸುವುದು ಬೇಡ. ಅಪ್ಪ ಮಗುವನ್ನು ಮುಂದಿನ ರಜೆಯಲ್ಲೂ ಎತ್ತಿಕೊಳ್ಳಬಹುದು.

ಸಹಜ ಹೆರಿಗೆಗೆ ಕಾಯುವುದೆಂದಾದರೆ, ನೋವು ಶುರುವಾದೊಡನೆ ಆಸ್ಪತ್ರೆಗೆ ಹೊರಡಬೇಕು. ನೋವು ಬರಿಸಲೆಂದು ಮನೆಯಲ್ಲಿ ಹರಳೆಣ್ಣೆ, ಕಷಾಯ ಕುಡಿಸಬೇಡಿ. ಆಸ್ಪತ್ರೆಯಲ್ಲಿ ನೋವು ಬರಿಸುವ ಮಾತ್ರೆ ಅಥವಾ ಡ್ರಿಪ್ ಕೊಡುವುದಾದರೆ, ಹಿಂದೆ ಸಿಸೇರಿಯನ್ ಆಗಿದೆ ಎಂದು ಎದುರಿಗಿರುವ ನರ್ಸಿಗೂ ಹೇಳಿರಿ. ಕೆಲವು ಔಷಧಿಗಳು ಹಳೆಯ ಹೊಲಿಗೆಗೆ ಅಪಾಯಕಾರಿ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡುವೇ ಇಲ್ಲದೆ ಹೊಟ್ಟೆ ನೋಯುತ್ತಿದ್ದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ ಒಂದು ಗಳಿಗೆಯೂ ತಡಮಾಡಬಾರದು.

ಕೊನೆಯ ಮಾತು, ತೀರ್ಮಾನ ಯಾರದು ಎಂಬುದು. ನನ್ನಲ್ಲಿ ಕಲಿತ ಹುಡುಗಿಯೊಬ್ಬಳು ಒಮ್ಮೆ ಹೇಳಿದ್ದಳು: “ಟೀಚರ್, ಡಾಕ್ಟರರು ಎರಡೂ ಆಗಬಹುದು ಎಂದರು. ಮನೆಯಲ್ಲಿ ಎಲ್ಲರೂ ಚರ್ಚಿಸಿದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.” ಈ ಮಾತನ್ನು ಅತ್ತೆಯಂದಿರೂ ಗಂಡಂದಿರೂ ಕೇಳಿಸಿಕೊಳ್ಳಬೇಕು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಸ್ಪಷ್ಟ ತೀರ್ಪು ನೀಡಿದೆ. ಪ್ರಾಣಾಪಾಯದ ತುರ್ತು ಇಲ್ಲದಿದ್ದಾಗ, ಪ್ರಾಯಕ್ಕೆ ಬಂದ ಮಹಿಳೆಯ ಶಸ್ತ್ರಚಿಕಿತ್ಸೆಗೆ ಅವಳದೇ ಒಪ್ಪಿಗೆ ಬೇಕು, ಹೆತ್ತ ತಾಯಿಯ ಸಹಿಯೂ ಅದಕ್ಕೆ ಸಾಟಿಯಲ್ಲ. ಹಿರಿಯರ ಸಲಹೆ ಬೇಕು, ಗಂಡನ ಬೆಂಬಲ ಬೇಕೇ ಬೇಕು. ಆದರೆ ನೋವು ತಿನ್ನುವವಳೂ ಗಾಯ ಹೊರುವವಳೂ ಅವಳೇ.

ಅವಳು ಸಹಜ ಹೆರಿಗೆಗೆ ಪ್ರಯತ್ನಿಸಿ ಕೊನೆಗೆ ಆಪರೇಷನ್ ಆದರೆ “ಅವಳಿಂದ ಆಗಲಿಲ್ಲ” ಎನ್ನಬೇಡಿ. ಮೊದಲೇ ಆಪರೇಷನ್ ಆರಿಸಿಕೊಂಡರೆ “ಹೇಡಿ” ಎನ್ನಬೇಡಿ. ಹೆರುವ ದಾರಿಯಿಂದ ತಾಯ್ತನದಲ್ಲಿ ಹೆಚ್ಚು ಕಡಿಮೆ ಆಗುವುದಿಲ್ಲ.

ನಿಮ್ಮ ಮನೆಯಲ್ಲಿ ಈಗ ಅಂತಹ ಗರ್ಭಿಣಿ ಇದ್ದಾಳೆಯೇ? ಹಾಗಿದ್ದರೆ ಇಂದೇ ಕಪಾಟಿನಿಂದ ಹಿಂದಿನ ಹೆರಿಗೆಯ ಫೈಲನ್ನು ಹುಡುಕಿ ತೆಗೆದು ತಾಯಿ ಕಾರ್ಡಿನ ಜೊತೆ ಇಡಿರಿ. ಸಿಗದಿದ್ದರೆ ಆ ಆಸ್ಪತ್ರೆಗೆ ಹೋಗಿ ಪ್ರತಿ ಕೇಳಿರಿ. ಮುಂದಿನ ತಪಾಸಣೆಗೆ ಅದನ್ನು ಹಿಡಿದುಕೊಂಡು ಗಂಡ ಹೆಂಡತಿ ಇಬ್ಬರೂ ಹೋಗಿರಿ. ವೈದ್ಯರ ಮುಂದೆ ಮೊದಲ ಪ್ರಶ್ನೆಯನ್ನು ಅವಳೇ ಕೇಳಲಿ.