ಊರ ಹೆಸರನ್ನು ಉಳಿಸುವ ಹೊಣೆ ಯಾರದು?

“ಹೆಸರಿನಲ್ಲೇನಿದೆ? ಆದವಾನಿ ಎಂದರೇನು, ಆದೋನಿ ಎಂದರೇನು, ಊರು ಒಂದೇ ಅಲ್ಲವೇ?” ಎಂಬ ಮಾತನ್ನು ಈಚೆಗೆ ಕನ್ನಡಿಗರೇ ಆಡತೊಡಗಿದ್ದಾರೆ. ಔದಾರ್ಯದ ಮಾತಿನಂತೆ ತೋರಿದರೂ ಇದು ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಾಮಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸಿದ್ದಾನೆ. ‘ಬೆಟ್ಟ’ವೆಂಬ ರೂಢನಾಮ ಎಲ್ಲ ಬೆಟ್ಟಗಳಿಗೂ ಸಲ್ಲುತ್ತದೆ. ‘ವ್ಯಾಪಾರಿ’ ಎಂಬ ಅನ್ವರ್ಥನಾಮ ವೃತ್ತಿ ಬಿಟ್ಟವನಿಗೆ ಸಲ್ಲದು. ಅಂಕಿತನಾಮವಾದರೋ ಒಂದನ್ನೇ ಬೆರಳಿಟ್ಟು ತೋರಿಸುತ್ತದೆ. ಗುಣವನ್ನು ವರ್ಣಿಸುವುದು ಅದರ ಕೆಲಸವಲ್ಲ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಇದನ್ನೇ ವಾದಿಸಿದನು: ಡಾರ್ಟ್ ನದಿಯ ಮುಖದಲ್ಲಿರುವ ಡಾರ್ಟ್‌ಮೌತ್, ನದಿಯು ಪಾತ್ರ ಬದಲಿಸಿದರೂ ಡಾರ್ಟ್‌ಮೌತ್ ಆಗಿಯೇ ಉಳಿಯುತ್ತದೆ.

ವಿಜ್ಞಾನದ ನಡೆಯೂ ಇದೇ. ನಮ್ಮ ಹುಣಸೆಗೆ ಲಿನೇಯಸನು 1753ರಲ್ಲಿ ‘ಟ್ಯಾಮರಿಂಡಸ್ ಇಂಡಿಕಾ’ ಎಂದು ಹೆಸರಿಟ್ಟನು. ಮರದ ಮೂಲ ಆಫ್ರಿಕವೆಂದು ತಿಳಿದ ಮೇಲೂ ಸಸ್ಯಶಾಸ್ತ್ರಜ್ಞರು ‘ಇಂಡಿಕಾ’ವನ್ನು ಅಳಿಸಲಿಲ್ಲ. ಹೆಸರು ಕಳಚಿದರೆ ಹಿಂದಿನವರ ಗ್ರಂಥಕ್ಕೂ ಇಂದಿನವರ ಅರಿವಿಗೂ ಇರುವ ಕೊಂಡಿ ಕಳಚುತ್ತದೆ.

ಆದ್ದರಿಂದ ಅಂಕಿತನಾಮದ ಬೆಲೆ ಎಡೆಬಿಡದ ಬಳಕೆಯಲ್ಲಿದೆ. ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ಅದು ಇಂದಿಗೂ ಜೀವಂತವಾಗಿರುವುದು ಶಾಸನದ ಬಲದಿಂದಲ್ಲ. ರಾಯರ ದರ್ಶನಕ್ಕೆ ಬಂದವರು ಮೊದಲು ಮಂಚಾಲಮ್ಮನಿಗೆ ಕೈಮುಗಿಯುವುದರಿಂದ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿಯನ್ನು ಸರ್ಕಾರ ಎಳೆಯಿತು, ಒಪ್ಪೋಣ. ಆದರೆ ಮದುವೆಯ ಕರೆಯೋಲೆಯಲ್ಲಿ, ಅಂಗಡಿಯ ಫಲಕದಲ್ಲಿ, ಕನ್ನಡ ಲಿಪಿಯಲ್ಲಿಯೇ ‘ಆದೋನಿ’ ಎಂದು ಬರೆಯಿಸಿರೆಂದು ಯಾವ ಸರ್ಕಾರ ಆಜ್ಞೆ ಮಾಡಿತು? ತೆಲುಗು ಬಾಂಧವರು ತಮ್ಮ ನುಡಿಯಲ್ಲಿ ಆದೋನಿ ಎನ್ನುವುದು ಅವರ ಹಕ್ಕು. ಅದರ ಮೇಲೆ ನಮಗೆ ತಕರಾರಿಲ್ಲ. ಸರ್ಕಾರಿ ಅರ್ಜಿಯಲ್ಲಿ ಸರ್ಕಾರದ ಹೆಸರೇ ಇರಲಿ. ಕನ್ನಡದಲ್ಲಿ ಕನ್ನಡದ ಹೆಸರನ್ನು ಬರೆಯಲು ಯಾರ ಅಪ್ಪಣೆ ಬೇಕು?

ಕನ್ನಡ ಶಾಲೆ ಬೇಕು, ಶಿಕ್ಷಕರು ಬೇಕು ಎಂದು ಮನವಿ ಸಲ್ಲಿಸುವ ನಾವು, ಕಾಸು ಖರ್ಚಿಲ್ಲದ ಈ ಕೆಲಸವನ್ನು ಮಾಡದಿದ್ದರೆ ನಮ್ಮ ಮನವಿಗೆ ಬೆಲೆಯೆಲ್ಲಿ? ಸಂಘದ ಸದಸ್ಯರು ಮುಂದಿನ ಕರೆಯೋಲೆಯಿಂದಲೇ ‘ಆದವಾನಿ’ ಎಂದು ಅಚ್ಚು ಹಾಕಿಸಲಿ. ಮನೆಯ ಮಕ್ಕಳ ಬಾಯಲ್ಲಿ ಆ ಹೆಸರನ್ನು ನುಡಿಸಲಿ.