ವೇಗಕ್ಕೆ ದಂಡ, ದಂಡಕ್ಕೆ ನ್ಯಾಯ



ಇತ್ತೀಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಅರಳಿಕಟ್ಟೆಯಲ್ಲಿಯೂ ಚಹದಂಗಡಿಯ ಬೆಂಚಿನ ಮೇಲೂ ಒಂದು ದೂರು ಬಿಡದೆ ಕೇಳಿಬರುತ್ತಿದೆ. ಬೈಕಿನಲ್ಲಿ ಸಂತೆಗೆ ಹೋಗಿಬಂದ ರೈತನಿಗೆ, ಬಾಡಿಗೆ ಜೀಪು ನಡೆಸುವ ತರುಣನಿಗೆ, ತರಕಾರಿ ಲಾರಿಯ ಚಾಲಕನಿಗೆ ಕೆಲವು ದಿನಗಳ ಮೇಲೆ ದಂಡದ ಚೀಟಿಯೊಂದು ತಲಪುತ್ತದೆ. ಇಂಥ ದಿನ, ಇಂಥ ಸ್ಥಳದಲ್ಲಿ ಮಿತಿಮೀರಿದ ವೇಗದಿಂದ ವಾಹನ ನಡೆಸಿದ್ದಕ್ಕಾಗಿ ಇಷ್ಟು ಹಣ ತೆರತಕ್ಕದ್ದೆಂದು ಅದು ಹೇಳುತ್ತದೆ. ಆ ದಿನ ತಡೆದು ನಿಲ್ಲಿಸಿದ ಪೋಲೀಸರಿಲ್ಲ. ಎಚ್ಚರಿಕೆಯ ಫಲಕವನ್ನು ಕಂಡ ನೆನಪಿಲ್ಲ. ಆದುದರಿಂದ ‘ಇದು ರಸ್ತೆಯ ರಕ್ಷಣೆಯಲ್ಲ, ಬೊಕ್ಕಸ ತುಂಬುವ ಉಪಾಯ’ ಎಂದು ಜನರು ಬೇಸರದಿಂದ ನುಡಿಯುತ್ತಾರೆ. ಈ ಮಾತಿನಲ್ಲಿ ಸತ್ಯವೆಷ್ಟು, ಸಿಟ್ಟೆಷ್ಟು ಎಂಬುದನ್ನು ತೂಗಿ ನೋಡುವುದು ಅವಶ್ಯ.

ಮೊದಲು ಕಾನೂನಿನ ಪಕ್ಷವನ್ನು ಆಲಿಸೋಣ. 2022ನೆಯ ಇಸವಿಯೊಂದರಲ್ಲೇ ಭಾರತದ ರಸ್ತೆಗಳ ಮೇಲೆ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿ ತಿಳಿಸುತ್ತದೆ. ಇವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಅದರಲ್ಲಿ ದಾಖಲಾಗಿದೆ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರ ಕಾರಣವನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು: ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಆಘಾತ ನಾಲ್ಮಡಿ. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. 80 ಆದರೆ 22 ಮೀಟರು. ಕರುವೊಂದು ರಸ್ತೆಗೆ ಅಡ್ಡಬಂದಾಗ ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವ ಮುನ್ನವೇ ವಾಹನ ಇಷ್ಟು ದೂರ ಮುಂದೆ ಹೋಗಿರುತ್ತದೆ. ಇಷ್ಟೆಲ್ಲ ಅಪಾಯವನ್ನು ಮೈಮೇಲೆ ಎಳೆದುಕೊಂಡು ಗಳಿಸುವುದಾದರೂ ಏನು? ಹನ್ನೆರಡು ಕಿಲೋಮೀಟರಿನ ದಾರಿಯನ್ನು 60ರ ಬದಲು 80ರಲ್ಲಿ ಕ್ರಮಿಸಿದರೆ ಉಳಿಯುವುದು ಕೇವಲ ಮೂರು ನಿಮಿಷ.

ಗಡಿನಾಡಿನ ನಮ್ಮ ಊರುಗಳಲ್ಲಿ ಅನೇಕವು ದೊಡ್ಡ ರಸ್ತೆಗಳ ಅಂಚಿನಲ್ಲಿವೆ. ತಲಪಾಡಿಯಿಂದ ಕಾಸರಗೋಡಿನ ಕಡೆಗೆ ಆರು ಪಥಗಳಾಗಿ ಅಗಲಗೊಂಡ 66ನೆಯ ರಾಷ್ಟ್ರೀಯ ಹೆದ್ದಾರಿ, ಹೊಸೂರನ್ನು ಹಾದುಹೋಗುವ 44ನೆಯದು, ಸೊಲ್ಲಾಪುರ ವಿಜಯಪುರಗಳನ್ನು ಕೂಡಿಸುವ 52ನೆಯದು, ಆದವಾನಿಯ ಮೂಲಕ ಸಾಗುವ 167ನೆಯದು, ತಾಳವಾಡಿಯವರು ಸತ್ಯಮಂಗಲಕ್ಕೆ ಇಳಿಯುವ 27 ಕಡಿದಾದ ತಿರುವುಗಳ ದಿಂಬಂ ಘಟ್ಟ, ಇವೆಲ್ಲವೂ ನಮ್ಮವರ ನಿತ್ಯದ ದಾರಿಗಳು. ಇವುಗಳ ಮೇಲೆ ವಾಹನ ನಡೆಸುವವರು ನಮ್ಮವರು. ಇವುಗಳನ್ನು ದಾಟುವ ಮಕ್ಕಳು, ಹುಲ್ಲಿನ ಹೊರೆ ಹೊತ್ತ ತಾಯಂದಿರು, ಎಮ್ಮೆ ಹೊಡೆದುಕೊಂಡು ಬರುವ ಮುದುಕರು ಸಹ ನಮ್ಮವರೇ. ಚಾಲಕನ ದೂರನ್ನು ಕೇಳುವ ಕಿವಿ ಕಾಲ್ನಡೆಯವನ ದೂರನ್ನೂ ಕೇಳಬೇಕು. ಆದ್ದರಿಂದ ಮಿತಿಮೀರಿದ ವೇಗಕ್ಕೆ ದಂಡವಿರುವುದು ನ್ಯಾಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ದಂಡಿಸುವ ಉದ್ದೇಶ ನ್ಯಾಯವಾದ ಮಾತ್ರಕ್ಕೆ ದಂಡಿಸುವ ಕ್ರಮವೂ ತಾನಾಗಿ ನ್ಯಾಯವಾಗುವುದಿಲ್ಲ. ಮೇಷ್ಟರು ಪಾಠ ಹೇಳದೆ ಪರೀಕ್ಷೆ ಮಾಡಿದರೆ ತಪ್ಪಿದ ಹುಡುಗನನ್ನು ಯಾರು ದೂರಿಯಾರು? ಹಾಗೆಯೇ, ಮಿತಿಯನ್ನು ತಿಳಿಸದೆ ಮಿತಿಮೀರಿದವನನ್ನು ದಂಡಿಸಲಾಗದು. 1988ರ ಮೋಟಾರು ವಾಹನ ಕಾನೂನಿನ 112ನೆಯ ವಿಧಿಯು ವೇಗದ ಮಿತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೂ ಕೊಟ್ಟಿದೆ. ಆ ಮಿತಿಗಳನ್ನು ತಿಳಿಸುವ ಫಲಕಗಳ ವಿಷಯವೂ ಅದೇ ಕಾನೂನಿನಲ್ಲಿದೆ. ಗಡಿಯವರಿಗೆ ಇದು ಎಷ್ಟು ಮುಖ್ಯವೆಂಬುದನ್ನು ಒಂದೇ ನಿದರ್ಶನ ತೋರಿಸೀತು. ಕೇರಳದಲ್ಲಿ ದ್ವಿಚಕ್ರವಾಹನಗಳ ಗರಿಷ್ಠ ವೇಗವನ್ನು 2023ರ ಜುಲೈ 1ರಿಂದ 70ರ ಬದಲು 60 ಕಿಲೋಮೀಟರಿಗೆ ಇಳಿಸಲಾಯಿತು. ಬೆಳಗ್ಗೆ ಒಂದು ರಾಜ್ಯದಲ್ಲಿ ಹೊರಟು ಮಧ್ಯಾಹ್ನ ಮತ್ತೊಂದು ರಾಜ್ಯದಲ್ಲಿ ಊಟ ಮಾಡುವ ನಮ್ಮವರಿಗೆ ಇಂಥ ಬದಲಾವಣೆಯನ್ನು ತಿಳಿಸಬೇಕಾದುದು ರಸ್ತೆಯ ಫಲಕವೇ ಹೊರತು ಮನೆಗೆ ಬರುವ ದಂಡದ ಚೀಟಿಯಲ್ಲ. ಫಲಕ ಮುರಿದಿದ್ದರೆ, ಮರದ ಕೊಂಬೆಯ ಮರೆಯಲ್ಲಿದ್ದರೆ, ಇಲ್ಲವೆ ಇಲ್ಲದೆಯೇ ಇದ್ದರೆ, ದೋಷದ ಒಂದು ಪಾಲು ಅದನ್ನು ನೆಡಬೇಕಾಗಿದ್ದವರಿಗೂ ಸಲ್ಲಬೇಕು.

ಎರಡನೆಯದಾಗಿ, ಅಳತೆ ಸರಿಯಾಗಿರಬೇಕು. ಒಬ್ಬನು ಕಣ್ಣಂದಾಜಿನಿಂದ ‘ಇವನು ವೇಗವಾಗಿ ಬಂದ’ ಎಂದುಬಿಟ್ಟರೆ ಸಾಲದು. ಯಂತ್ರದ ಅಳತೆಯ ಆಧಾರವಿಲ್ಲದೆ ಒಬ್ಬ ಸಾಕ್ಷಿಯ ಅಭಿಪ್ರಾಯವನ್ನಷ್ಟೇ ನಂಬಿ ಅತಿವೇಗದ ಅಪರಾಧಕ್ಕೆ ಶಿಕ್ಷಿಸಕೂಡದೆಂದು 183ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಇನ್ನು ಕ್ಯಾಮರಾಗಳ ವಿಷಯ. 2021ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ 167ಎ ನಿಯಮವು ಮೂರು ಮುಖ್ಯ ಕಟ್ಟುಗಳನ್ನು ವಿಧಿಸಿತು. ಯಂತ್ರಕ್ಕೆ ಅಧಿಕೃತ ಪ್ರಮಾಣಪತ್ರವಿರಬೇಕು, ಅದು ವರ್ಷವರ್ಷವೂ ನವೀಕರಣಗೊಳ್ಳಬೇಕು. ಮುಂದೆ ಕ್ಯಾಮರಾ ಇದೆಯೆಂದು ತಿಳಿಸುವ ಫಲಕ ಎದ್ದುಕಾಣುವಂತೆ ಇರಬೇಕು. ಅಪರಾಧ ನಡೆದ ಹದಿನೈದು ದಿನಗಳೊಳಗೆ ತಿಳಿವಳಿಕೆಯನ್ನು ಕಳುಹಿಸಬೇಕು. ವಾಹನದ ಸಂಖ್ಯಾಫಲಕವನ್ನು ತೋರಿಸುವ ಛಾಯಾಚಿತ್ರ, ಯಂತ್ರ ತೋರಿಸಿದ ವೇಗ, ದಿನ, ವೇಳೆ, ಸ್ಥಳ, ಮುರಿದ ವಿಧಿ, ಇವೆಲ್ಲ ಆ ದಾಖಲೆಯಲ್ಲಿ ಇರತಕ್ಕವು. ಚೀಟಿ ಕೈಸೇರಿದವರು ಶಪಿಸುವ ಮುನ್ನ ಇವನ್ನು ಒಂದೊಂದಾಗಿ ಪರಿಶೀಲಿಸಬೇಕು. ಎಲ್ಲವೂ ಸರಿಯಿದ್ದರೆ ಹಣ ಕಟ್ಟಿ ಮುಗಿಸುವುದೇ ಮರ್ಯಾದೆ. ಸರಿಯಿಲ್ಲದಿದ್ದರೆ ಪ್ರಶ್ನಿಸುವುದು ಹಕ್ಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕಾಗಿದೆ. ಕೇರಳದಲ್ಲಿ 2023ರ ಜೂನ್ 5ರಿಂದ ದಂಡ ವಿಧಿಸತೊಡಗಿದ ಕ್ಯಾಮರಾಗಳೆಲ್ಲವೂ ವೇಗದ ಕ್ಯಾಮರಾಗಳೆಂದು ಹಲವರು ನಂಬಿರುವರು. ಆ ಯೋಜನೆಯ 726 ಕ್ಯಾಮರಾಗಳಲ್ಲಿ 675 ಹೆಲ್ಮೆಟ್ಟು, ಸೀಟುಬೆಲ್ಟು, ಒಂದೇ ಬೈಕಿನಲ್ಲಿ ಮೂವರ ಸವಾರಿ ಮುಂತಾದುವನ್ನು ಗುರುತಿಸಲು ಇಟ್ಟವು. ವೇಗ ಅಳೆಯಲೆಂದೇ ಇಟ್ಟವು ಬೆರಳೆಣಿಕೆಯಷ್ಟು. ಬಂದ ಚೀಟಿ ಯಾವ ತಪ್ಪಿಗೆ ಎಂಬುದನ್ನು ಓದದೆಯೇ ‘ವೇಗದ ಹೆಸರಿನಲ್ಲಿ ಸುಲಿಗೆ’ ಎನ್ನುವುದು ಸಲ್ಲದು.

ಓದುವ ಮಾತು ಬಂದಾಗ ಭಾಷೆಯ ಪ್ರಶ್ನೆ ಏಳುತ್ತದೆ. ತನಗೆ ತಿಳಿಯದ ಭಾಷೆಯಲ್ಲಿ ಬಂದ ಆಪಾದನೆಗೆ ಉತ್ತರ ಕೊಡುವುದು ಹೇಗೆ? ಕಾಗದವನ್ನು ಯಾರಿಂದಲೋ ಓದಿಸಿಕೊಳ್ಳಲು ಅಲೆಯುವುದರಲ್ಲೇ ಉತ್ತರದ ಗಡುವು ಮೀರಿದರೆ ಆತನಿಗೆ ಕೊಟ್ಟ ಅವಕಾಶ ಹೆಸರಿಗೆ ಮಾತ್ರ. ತನ್ನ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಬರೆದುಕೊಳ್ಳುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ. ನಮ್ಮ ಮನವಿಯನ್ನು ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಾಗಿಲ್ಲ. ಕನ್ನಡಿಗರು ದಟ್ಟವಾಗಿರುವ ಕಡೆ ಎಚ್ಚರಿಕೆಯ ಫಲಕವೂ ತಿಳಿವಳಿಕೆಯ ಚೀಟಿಯೂ ರಾಜ್ಯದ ಭಾಷೆಯೊಡನೆ ಕನ್ನಡದಲ್ಲಿಯೂ ಇರಲೆಂದು ಕೇಳುವುದು ಯಾರ ಮೇಲಿನ ದ್ವೇಷವೂ ಅಲ್ಲ. ಅಪಘಾತ ತಪ್ಪಬೇಕೆಂದರೆ ಎಚ್ಚರಿಕೆ ಓದುವವನಿಗೆ ಅರ್ಥವಾಗಬೇಕು, ಅಷ್ಟೆ.

ಮೂರನೆಯದಾಗಿ, ದಂಡದ ಭಾರ ಸರಿಯಾದ ಹೆಗಲ ಮೇಲೆ ಬೀಳಬೇಕು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು, ಮೊದಲು 400 ರೂಪಾಯಿ ಇದ್ದ ಅತಿವೇಗದ ದಂಡವನ್ನು ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿಗೂ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿಗೂ ಏರಿಸಿತು. ಕಾರಿನ ಧನಿಕನಿಗೆ ಇದು ಒಂದು ಹೊತ್ತಿನ ಹೋಟೆಲಿನ ಖರ್ಚು; ಕೂಲಿಯಿಂದ ಬದುಕುವ ಬೈಕಿನವನಿಗೆ ಹಲವು ದಿನಗಳ ಅನ್ನ. ಫಿನ್‌ಲೆಂಡ್ ದೇಶದಲ್ಲಿ ಅತಿವೇಗದ ದೊಡ್ಡ ತಪ್ಪುಗಳಿಗೆ ದಂಡವನ್ನು ಅಪರಾಧಿಯ ವರಮಾನಕ್ಕೆ ತಕ್ಕಂತೆ ಗೊತ್ತುಮಾಡುವ ಪದ್ಧತಿಯುಂಟು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಅದು ವಿಚಾರಾರ್ಹವೆಂದು ನಮ್ಮ ಅಭಿಮತ.

ಸಂಬಳದ ಚಾಲಕನ ಪಾಡನ್ನು ಇನ್ನೂ ಹೆಚ್ಚಿನ ಮರುಕದಿಂದ ನೋಡಬೇಕು. ‘ಬೆಳಗಾಗುವುದರೊಳಗೆ ಮೀನಿನ ಲಾರಿ ಮಾರುಕಟ್ಟೆ ಮುಟ್ಟಬೇಕು’ ಎಂದು ಮಾಲೀಕನು ಅಪ್ಪಣೆ ಮಾಡುತ್ತಾನೆ. ದಂಡ ಮಾತ್ರ ಚಾಲಕನ ಸಂಬಳದಲ್ಲಿ ಕಡಿತವಾಗುತ್ತದೆ. ಕಾನೂನು ಇದನ್ನು ಒಪ್ಪುವುದಿಲ್ಲ. ತನ್ನ ಕೈಕೆಳಗಿನವನಿಂದ ಅತಿವೇಗವಾಗಿ ವಾಹನ ನಡೆಸಿದವನೂ ಅದೇ 183ನೆಯ ವಿಧಿಯಂತೆ ಅಪರಾಧಿ. ವೇಗದ ಮಿತಿಯನ್ನು ಮೀರದೆ ಪಾಲಿಸಲಾಗದಂಥ ವೇಳಾಪಟ್ಟಿಯನ್ನು ಪ್ರಕಟಿಸಿದರೆ ಅದೇ ಅವನ ವಿರುದ್ಧ ಮೇಲ್ನೋಟದ ಸಾಕ್ಷಿ. ಬಸ್ಸು ಲಾರಿಗಳ ಚಾಲಕರಾಗಿರುವ ನಮ್ಮ ತರುಣರು ಇದನ್ನು ತಿಳಿದಿರಲಿ. ಅದೇ ಕಾನೂನಿನ 198ಎ ವಿಧಿಯು ರಸ್ತೆಯನ್ನು ಕ್ರಮಬದ್ಧವಾಗಿ ನಿರ್ಮಿಸದ, ಕಾಪಾಡದ ಗುತ್ತಿಗೆದಾರ ಮುಂತಾದವರಿಗೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡ ವಿಧಿಸುತ್ತದೆ. 210ಬಿ ವಿಧಿಯು ಕಾನೂನನ್ನು ಜಾರಿಮಾಡುವ ಅಧಿಕಾರಿಯೇ ತಪ್ಪಿದರೆ ಇಮ್ಮಡಿ ದಂಡ ಎನ್ನುತ್ತದೆ. ಬೇಲಿಯೇ ಎದ್ದು ಹೊಲ ಮೇಯಬಾರದೆಂಬ ವಿವೇಕ ಕಾನೂನಿನ ಪುಸ್ತಕದಲ್ಲಿ ಇದೆ. ಅದು ರಸ್ತೆಗೂ ಇಳಿದು ಬರಬೇಕಾಗಿದೆ.

ಕೊನೆಯದಾಗಿ, ದಂಡ ಸ್ಥಿರವಾಗಿರಬೇಕು. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿಯೂ ಮತ್ತೆ 2025ರಲ್ಲಿಯೂ ಬಾಕಿ ಉಳಿದ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ಘೋಷಿಸಲಾಯಿತು. ಬಾಕಿ ವಸೂಲಾಗಿ ಬಡವರ ಹೊರೆಯೂ ಇಳಿಯಿತೆಂಬುದು ನಿಜ. ಆದರೆ ಚೀಟಿ ಬಂದೊಡನೆ ಪೂರ್ಣ ಹಣ ಕಟ್ಟಿದವನಿಗೆ ಏನು ಸಮಾಧಾನ? ತಡಮಾಡಿದವನಿಗೆ ಅರ್ಧ, ವಿಧೇಯನಿಗೆ ಪೂರ್ಣ ಎಂದಾದರೆ ಜನರು ಕಲಿಯುವ ಪಾಠ ಯಾವುದು? ಮೊದಲೇ ಮಿತವಾದ ದಂಡವನ್ನು ಗೊತ್ತುಮಾಡಿ, ಅದನ್ನು ಎಲ್ಲರಿಂದಲೂ ತಪ್ಪದೆ ವಸೂಲು ಮಾಡುವುದೇ ಲೇಸು.

ಬಂಧುಗಳೆ, ಈಗ ನಮ್ಮ ಕೈಯಲ್ಲಿರುವ ಕೆಲಸವನ್ನು ನೋಡೋಣ. ಪ್ರತಿಯೊಂದು ಹಳ್ಳಿಯವರೂ ತಮ್ಮ ಎಲ್ಲೆಯಲ್ಲಿ ವೇಗದ ಫಲಕಗಳು ಎಲ್ಲಿವೆ, ಎಲ್ಲಿಲ್ಲ ಎಂಬ ಪಟ್ಟಿಯನ್ನು ಮಾಡಿ, ಶಾಲೆಯ ಮುಂದೆ, ಸಂತೆಯ ತಿರುವಿನಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ ಅವನ್ನು ನೆಡುವಂತೆ ಪಂಚಾಯಿತಿಯ ಮೂಲಕ ಮನವಿ ಕೊಡಿರಿ. ವಾಹನವನ್ನು ಮಾರಿದವರು ಹೆಸರನ್ನು ಕೂಡಲೇ ಬದಲಾಯಿಸಿಕೊಳ್ಳಿರಿ. ಇಲ್ಲವಾದರೆ ಕೊಂಡವನ ತಪ್ಪಿನ ಚೀಟಿ ನಿಮ್ಮ ಬಾಗಿಲಿಗೆ ಬರುತ್ತದೆ. ದಾಖಲೆಯಲ್ಲಿರುವ ವಿಳಾಸ, ಮೊಬೈಲು ಸಂಖ್ಯೆಗಳು ಸರಿಯಾಗಿರಲಿ. ದಾರಿಯಲ್ಲಿ ದಂಡ ಕೇಳಿದರೆ ರಸೀತಿ ಕೇಳಿ ಪಡೆಯಿರಿ. ರಸೀತಿಯಿಲ್ಲದೆ ಕೊಟ್ಟ ಹಣ ದಂಡವಲ್ಲ, ಲಂಚ. ಅನ್ಯಾಯವೆಂದು ತೋರಿದ ಚೀಟಿಯನ್ನು ಹರಿದೆಸೆಯದೆ ಅದರಲ್ಲಿ ಬರೆದ ಅವಧಿಯೊಳಗೆ ಉತ್ತರಿಸಿರಿ.

ಅವೆಲ್ಲಕ್ಕಿಂತ ಮೊದಲಿನ ಕೆಲಸ ಮನೆಯೊಳಗಿನದು. ಮಗನಿಗೆ ಬೈಕನ್ನು ಕೊಡಿಸುವ ತಂದೆ ಅದರೊಡನೆ ಸಂಯಮವನ್ನೂ ಕಲಿಸಲಿ. ದಂಡವನ್ನು ನಾಳೆ ದುಡಿದು ತೀರಿಸಬಹುದು. ಹೋದ ಜೀವವನ್ನು ಯಾವ ಸರಕಾರವೂ ಮರಳಿ ಕೊಡಲಾರದು. ಸರಕಾರ ಫಲಕವನ್ನು ನೆಡಲಿ, ಯಂತ್ರವನ್ನು ಸರಿಯಾಗಿಡಲಿ, ನಮ್ಮ ಉತ್ತರವನ್ನು ನಮ್ಮ ನುಡಿಯಲ್ಲಿ ಕೇಳಲಿ. ನಾವು ವೇಗವನ್ನು ತಗ್ಗಿಸೋಣ. ಇಬ್ಬರೂ ತಮ್ಮ ತಮ್ಮ ಕರ್ತವ್ಯವನ್ನು ನಡೆಸಿದ ದಿನ ದಂಡದ ಚೀಟಿಗಳು ತಾವಾಗಿಯೇ ವಿರಳವಾಗುವುವು. ನಮ್ಮ ಮಕ್ಕಳು ನಿರ್ಭಯವಾಗಿ ರಸ್ತೆ ದಾಟಿ ಶಾಲೆಗೆ ಬರುವರು.