ಆಳು ಮಾಡಿದ್ದೆಲ್ಲ ಹಾಳಲ್ಲ

ಸರದಿಯಂತೆ ಆಡುವ ಸ್ಟ್ರಾಟಜಿ ಗೇಮ್‌ಗಳಲ್ಲಿ ಮೊದಲ ಊರು ಕಟ್ಟುವಾಗಿನ ಖುಷಿ ಇಪ್ಪತ್ತನೇ ಊರು ಕಟ್ಟುವಾಗ ಇರುವುದಿಲ್ಲ. ‘ಸಿವಿಲೈಸೇಷನ್’ ಆಡಿದ ಯಾರನ್ನಾದರೂ ಕೇಳಿ, ಹೌದು ಅನ್ನುತ್ತಾರೆ. ಶುರುವಿನಲ್ಲಿ ಒಂದೊಂದು ಗುಡ್ಡ, ಒಂದೊಂದು ಹೊಳೆಯನ್ನೂ ಲೆಕ್ಕ ಹಾಕಿ ಆಡುತ್ತೇವೆ. ಸಾಮ್ರಾಜ್ಯ ಬೆಳೆದಂತೆ ಅದೇ ಲೆಕ್ಕ ಗುಮಾಸ್ತಿಕೆಯಾಗುತ್ತದೆ. ಗೆಲ್ಲುವ ಆಟವನ್ನೂ ಅರ್ಧಕ್ಕೆ ಬಿಟ್ಟು ಎಷ್ಟೋ ಜನ ಹೊಸ ಆಟ ಶುರು ಮಾಡುವುದು ಇದೇ ಬೇಸರಕ್ಕೆ. ಹಾಗಾದರೆ ಊರುಗಳನ್ನು ನಾವೇ ನೋಡಿಕೊಳ್ಳಬೇಕೇ, ಕಂಪ್ಯೂಟರ್‌ಗೆ ವಹಿಸಬೇಕೇ? ಬಿಡುವಿನ ವೇಳೆಯ ಪ್ರಶ್ನೆಯಂತೆ ಕಂಡರೂ ನಾಳೆ ಕೆಲಸಕ್ಕೆ ಸೇರಬೇಕಾದ ನಮ್ಮಂಥವರಿಗೆ ಇದು ತೀರಾ ಹತ್ತಿರದ ಪ್ರಶ್ನೆ ಎಂಬುದು ನನ್ನ ಅನಿಸಿಕೆ.

ಆಡದವರಿಗಾಗಿ ಒಂದಿಷ್ಟು ಹಿನ್ನೆಲೆ. ಸಿಡ್ ಮೇಯರ್ ಅವರ ಮೊದಲ ‘ಸಿವಿಲೈಸೇಷನ್’ ಬಂದಿದ್ದು 1991ರಲ್ಲಿ. ಅದರಿಂದ ಪ್ರೇರಣೆ ಪಡೆದು ಡೆನ್ಮಾರ್ಕ್‌ನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಶುರು ಮಾಡಿದ ‘ಫ್ರೀಸಿವ್’ 1996ರಲ್ಲಿ ಹೊರಬಂತು. ಅದು ಓಪನ್ ಸೋರ್ಸ್. ದುಡ್ಡು ಕೊಡಬೇಕಿಲ್ಲ, ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಹಾಸ್ಟೆಲ್‌ನಲ್ಲಿ ನಾವು ಹೆಚ್ಚಾಗಿ ಆಡುವುದು ಅದನ್ನೇ.

ಈ ಆಟದಲ್ಲಿ ಊರಿನ ಒಬ್ಬೊಬ್ಬ ಪ್ರಜೆ ಸುತ್ತಲಿನ ಒಂದೊಂದು ಚೌಕದಲ್ಲಿ ದುಡಿಯುತ್ತಾನೆ. ಹಳೆಯ ನಿಯಮದ ಪ್ರಕಾರ ಒಂದು ಊರಿಗೆ ಸಿಗುವುದು ಅದು ನಿಂತ ಚೌಕವೂ ಸೇರಿ 21 ಚೌಕ. ಹುಲ್ಲುಗಾವಲು 2 ಆಹಾರ ಕೊಡುತ್ತದೆ. ಕಾಡು 1 ಆಹಾರ, 2 ಉತ್ಪಾದನೆ. ಸಮುದ್ರ 1 ಆಹಾರ, 2 ವ್ಯಾಪಾರ. ಪ್ರತಿ ಪ್ರಜೆಗೂ ಒಂದು ಟರ್ನ್‌ಗೆ 2 ಆಹಾರ ಬೇಕು. ಯಾರನ್ನು ಎಲ್ಲಿ ದುಡಿಸಬೇಕು, ಊರಿನಲ್ಲಿ ಏನು ಕಟ್ಟಿಸಬೇಕು ಎಂದು ಪ್ರತಿ ಟರ್ನ್‌ನಲ್ಲೂ ನಾವೇ ಕೂತು ನೋಡುವುದು ಮೈಕ್ರೋಮ್ಯಾನೇಜ್‌ಮೆಂಟ್. ಅದನ್ನು ಕಂಪ್ಯೂಟರ್‌ನ ಗವರ್ನರ್‌ಗೆ ಬಿಟ್ಟುಕೊಡುವುದು ಆಟೊಮೇಷನ್.

ನಮ್ಮ ಹಾಸ್ಟೆಲ್‌ನಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿವೆ. ಒಂದು ಪಕ್ಷದ ಮಂತ್ರ, ‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’. ಇನ್ನೊಂದು ಪಕ್ಷದವರು ನಗುತ್ತಾ ಕೇಳುತ್ತಾರೆ: ‘ಲೋ, ರಾಜ ಆದವನು ಶಾನುಭೋಗರ ಕೆಲಸ ಮಾಡ್ತಾನೇನೋ?’

ಎರಡೂ ಪಕ್ಷಗಳ ಮಾತಿನಲ್ಲಿ ಹುರುಳಿದೆ. ಮೊದಲ ಪಕ್ಷದ ಲೆಕ್ಕ ನೋಡಿ. ಫ್ರೀಸಿವ್‌ನಲ್ಲಿ ಹೊಸ ಊರು ಕಟ್ಟಲು ಹೊರಡುವ ವಲಸಿಗರ ತಂಡಕ್ಕೆ 30 ಉತ್ಪಾದನೆ ಬೇಕು. ಊರಿನ ಉತ್ಪಾದನೆ 3 ಇದ್ದರೆ ಅದಕ್ಕೆ 10 ಟರ್ನ್ ಹಿಡಿಯುತ್ತದೆ. ಹುಲ್ಲುಗಾವಲಿನಲ್ಲಿದ್ದ ಒಬ್ಬನನ್ನು ಕಾಡಿಗೆ ಕಳಿಸಿದರೆ ಉತ್ಪಾದನೆ 5 ಆಗಿ ಆರೇ ಟರ್ನ್‌ನಲ್ಲಿ ತಂಡ ಸಿದ್ಧ. ಎರಡನೇ ಊರು ನಾಲ್ಕು ಟರ್ನ್ ಮೊದಲೇ ಬಂದರೆ, ಅದರಿಂದ ಹುಟ್ಟುವ ಮೂರನೆಯದೂ ಮೊದಲೇ ಬರುತ್ತದೆ. ಇದು ಚಕ್ರಬಡ್ಡಿಯ ಲೆಕ್ಕ. ಆದರೆ ಕಾಡಿಗೆ ಹೋದವನಿಂದ ಊರಿಗೆ 1 ಆಹಾರ ನಷ್ಟ, ತಂಡ ಹೊರಟಾಗ ಊರಿನ ಜನಸಂಖ್ಯೆಯೂ ಇಳಿಯುತ್ತದೆ. ಎರಡನ್ನೂ ತೂಗಿ ನೋಡುವುದರಲ್ಲೇ ಆಟದ ರುಚಿ ಇರುವುದು. ಮೊದಲ 40–50 ಟರ್ನ್‌ಗಳಲ್ಲಿ ಗವರ್ನರ್‌ಗೆ ಕೀಲಿಕೈ ಕೊಡುವವನು ಆಟದ ಅತ್ಯುತ್ತಮ ಭಾಗವನ್ನೇ ಕೊಟ್ಟುಬಿಟ್ಟಂತೆ.

ಇನ್ನು ಎರಡನೇ ಪಕ್ಷದ ಲೆಕ್ಕ. 20 ಊರುಗಳಿವೆ, ಒಂದೊಂದಕ್ಕೂ ಅರ್ಧ ನಿಮಿಷ ಎಂದುಕೊಳ್ಳಿ. ಒಂದು ಟರ್ನ್‌ಗೆ 10 ನಿಮಿಷ. ಇನ್ನೂ 100 ಟರ್ನ್ ಬಾಕಿ ಇದ್ದರೆ 1000 ನಿಮಿಷ, ಅಂದರೆ ಹತ್ತಿರ ಹತ್ತಿರ 17 ಗಂಟೆ. ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಇರುವ ಯಾರ ಬಳಿ ಅಷ್ಟು ಹೊತ್ತಿದೆ? ಅಷ್ಟು ಹೊತ್ತಿಗೆ ಹಳೇ ಊರಿನಲ್ಲಿ ಒಬ್ಬ ಪ್ರಜೆಯನ್ನು ಅತ್ತಿತ್ತ ಸರಿಸಿದರೆ ಸಾಮ್ರಾಜ್ಯಕ್ಕೆ ಆಗುವ ಲಾಭ ಕಣ್ಣಿಗೂ ಕಾಣದಷ್ಟು. ಕ್ಲಿಕ್ ಅದೇ, ಬೆಲೆ ಮಾತ್ರ ಕುಸಿದಿರುತ್ತದೆ.

ಹಾಗಂತ ಎಲ್ಲವನ್ನೂ ಯಂತ್ರಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2003ರ ‘ಮಾಸ್ಟರ್ ಆಫ್ ಓರಿಯನ್ 3’ ಉದಾಹರಣೆ. ಅದರಲ್ಲಿ ಗ್ರಹಗಳ ಆಡಳಿತವನ್ನು ಕಂಪ್ಯೂಟರ್‌ನ ವೈಸರಾಯ್‌ಗಳೇ ನಡೆಸುತ್ತಿದ್ದರು. ಆಟಗಾರನಿಗೆ ಟರ್ನ್ ಮುಗಿಸುವ ಬಟನ್ ಒತ್ತುವುದು ಬಿಟ್ಟು ಹೆಚ್ಚು ಕೆಲಸವೇ ಉಳಿದಿಲ್ಲ ಎಂಬ ಟೀಕೆ ಆಗ ಬಂತು. ವೈಸರಾಯ್‌ಗೆ ಲೆಕ್ಕ ಗೊತ್ತು, ಆದರೆ ರಾಜನ ಮನಸ್ಸಿನಲ್ಲೇನಿದೆ ಎಂಬುದು ಗೊತ್ತಿಲ್ಲ. ಹತ್ತು ಟರ್ನ್ ಬಿಟ್ಟು ಪಕ್ಕದ ದೇಶದ ಮೇಲೆ ದಂಡೆತ್ತಿ ಹೋಗುವ ಯೋಜನೆ ನಮ್ಮ ತಲೆಯಲ್ಲಿದೆ, ಅವನು ಮಾತ್ರ ಮಾರುಕಟ್ಟೆ ಕಟ್ಟಿಸುತ್ತಾ ಕೂತಿರುತ್ತಾನೆ.

ಈ ಕಗ್ಗಂಟಿಗೆ ನಾನು ಕಂಡ ಒಳ್ಳೆಯ ಉತ್ತರ ಫ್ರೀಸಿವ್‌ನ ಗವರ್ನರ್‌ನಲ್ಲೇ ಇದೆ. ಏನು ಕಟ್ಟಬೇಕು ಎಂಬುದನ್ನು ಅವನು ಕೇಳುವುದಿಲ್ಲ, ಅದರ ಪಟ್ಟಿಯನ್ನು ನಾವೇ ಬರೆದಿಡುತ್ತೇವೆ. ಯಾವ ಪ್ರಜೆ ಎಲ್ಲಿ ದುಡಿಯಬೇಕು ಎಂಬುದಷ್ಟೇ ಅವನ ಕೆಲಸ. ಅದಕ್ಕೂ ನಾವು ಎರಡು ಸಂಗತಿ ಹೇಳಬೇಕು. ಒಂದು, ಆಹಾರ, ಉತ್ಪಾದನೆ, ಚಿನ್ನ ಇವು ಯಾವ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ಎರಡು, ಆ ಮಿತಿಯೊಳಗೆ ಯಾವುದಕ್ಕೆ ಎಷ್ಟು ತೂಕ. ಆಲ್ಗರಿದಮ್ಸ್ ಪಾಠದಲ್ಲಿ ನ್ಯಾಪ್‌ಸ್ಯಾಕ್ ಲೆಕ್ಕಕ್ಕೆ ನಾವು ಓದುವ ಬ್ರ್ಯಾಂಚ್ ಅಂಡ್ ಬೌಂಡ್ ವಿಧಾನದಲ್ಲೇ ಅದು ಉತ್ತರ ಹುಡುಕುತ್ತದೆ. ನನಗೆ ಹೆಚ್ಚು ಇಷ್ಟವಾಗಿದ್ದು ಮುಂದಿನ ಹೆಜ್ಜೆ. ಶತ್ರು ಬಂದು ಹೊಲ ಆಕ್ರಮಿಸಿ, ಹೇಳಿದ ಮಿತಿ ಪೂರೈಸಲು ಆಗದೇ ಹೋದರೆ, ಗವರ್ನರ್ ಹೇಗೋ ತಿಪ್ಪೆ ಸಾರಿಸುವುದಿಲ್ಲ. ‘ನನ್ನಿಂದ ಆಗುತ್ತಿಲ್ಲ, ನೀವೇ ನೋಡಿಕೊಳ್ಳಿ’ ಎಂಬರ್ಥದ ಸಂದೇಶ ಕೊಟ್ಟು ಊರನ್ನು ವಾಪಸ್ ಒಪ್ಪಿಸುತ್ತಾನೆ. ಇಂಥ ಆಳು ಮಾಡಿದ್ದು ಹಾಳಾಗುವುದಿಲ್ಲ.

ಮೈಕ್ರೋಮ್ಯಾನೇಜ್‌ಮೆಂಟ್ ಜಾಸ್ತಿಯಾದ ಕಡೆಯೆಲ್ಲ ಆಳೇ ಬೇಕೆಂದೂ ಇಲ್ಲ. ಕೆಲವೊಮ್ಮೆ ತಪ್ಪು ನಿಯಮದಲ್ಲಿರುತ್ತದೆ. 2001ರ ‘ಸಿವಿಲೈಸೇಷನ್ 3’ರಲ್ಲಿ 30 ಉತ್ಪಾದನೆಯ ಕೆಲಸವನ್ನು 7 ಉತ್ಪಾದನೆಯ ಊರಿಗೆ ಕೊಟ್ಟರೆ ನಾಲ್ಕು ಟರ್ನ್‌ಗೆ 28 ಆಗುತ್ತಿತ್ತು. ಐದನೇ ಟರ್ನ್‌ನಲ್ಲಿ ಬೇಕಾದದ್ದು 2, ಬರುವುದು 7. ಉಳಿದ 5 ಪೋಲು. ಅದನ್ನು ಉಳಿಸಲು ಆಟಗಾರರು ಆ ಟರ್ನ್‌ಗೆ ಪ್ರಜೆಗಳನ್ನು ಬೇರೆಡೆ ಸರಿಸಿ, ಮುಂದಿನ ಟರ್ನ್‌ಗೆ ಮತ್ತೆ ವಾಪಸ್ ತರುತ್ತಿದ್ದರು. 2005ರಲ್ಲಿ ಸೋರೆನ್ ಜಾನ್ಸನ್ ನೇತೃತ್ವದಲ್ಲಿ ವಿನ್ಯಾಸಗೊಂಡ ‘ಸಿವಿಲೈಸೇಷನ್ 4’ ಇದಕ್ಕೆ ಗವರ್ನರ್‌ನನ್ನು ನೇಮಿಸಲಿಲ್ಲ. ಉಳಿದದ್ದು ಮುಂದಿನ ಕೆಲಸಕ್ಕೆ ಜಮಾ ಎಂದು ನಿಯಮವನ್ನೇ ತಿದ್ದಿತು. ಕೆಲಸವೇ ಮಾಯವಾಯಿತು. ಯಾವುದನ್ನಾದರೂ ಆಟೊಮೇಟ್ ಮಾಡುವ ಮುಂಚೆ ‘ಈ ಕೆಲಸ ಇರಲೇಬೇಕಾ?’ ಎಂದು ಕೇಳುವುದನ್ನು ನಮ್ಮ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ಈ ಉದಾಹರಣೆ ಕಲಿಸುತ್ತದೆ.

ಈಚಿನ ಆಟಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. 2010ರ ‘ಸಿವಿಲೈಸೇಷನ್ 5’ರಲ್ಲಿ ಗೆದ್ದ ಊರನ್ನು ಸಾಮಂತ ಊರಾಗಿ ಇಟ್ಟುಕೊಳ್ಳಬಹುದು. ಅಲ್ಲಿ ಏನು ಕಟ್ಟಬೇಕೆಂದು ಕಂಪ್ಯೂಟರೇ ತೀರ್ಮಾನಿಸುತ್ತದೆ. ಅದಕ್ಕೆ ಪ್ರತಿಯಾಗಿ ಆ ಊರಿನಿಂದ ನಮ್ಮ ಸಾಮಾಜಿಕ ನೀತಿಗಳ ಬೆಲೆ ಏರುವುದಿಲ್ಲ. 2025ರ ‘ಸಿವಿಲೈಸೇಷನ್ 7’ರಲ್ಲಿ ಹೊಸ ನೆಲೆಗಳು ಸಣ್ಣ ಪಟ್ಟಣಗಳಾಗಿ ಶುರುವಾಗಿ, ತಮ್ಮ ಉತ್ಪಾದನೆಯನ್ನು ಚಿನ್ನ ಮಾಡಿ ಕೊಡುತ್ತವೆ. ಚಿನ್ನ ಸುರಿದು ಯಾವುದನ್ನು ನಗರವಾಗಿಸಬೇಕು ಎಂಬುದು ನಮ್ಮ ಆಯ್ಕೆ. ಸೋರೆನ್ ಜಾನ್ಸನ್ ಅವರದ್ದೇ ‘ಓಲ್ಡ್ ವರ್ಲ್ಡ್’ ಎಂಬ ಆಟದಲ್ಲಂತೂ ಒಂದು ಟರ್ನ್‌ಗೆ ಇಷ್ಟೇ ಆಜ್ಞೆ ಎಂಬ ಮಿತಿ ಇದೆ. ಸೈನ್ಯ ನಡೆಸಲು ಖರ್ಚು ಮಾಡಿದ ಆಜ್ಞೆ ಕೂಲಿಯವರನ್ನು ಕಳಿಸಲು ಸಿಗುವುದಿಲ್ಲ. ಆಟಗಾರನ ಗಮನಕ್ಕೂ ಬೆಲೆ ಇದೆ ಎಂದು ಈ ಆಟಗಳು ಒಪ್ಪಿಕೊಂಡಿವೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಇದೇ ಎರಡು ಪಕ್ಷಗಳು ಈಗ ನಮ್ಮ ಲ್ಯಾಬ್‌ನಲ್ಲೂ ಇವೆ. ಕೋಡ್ ಬರೆದುಕೊಡುವ ಎಐ ಟೂಲ್ ಮುಟ್ಟುವುದೇ ಇಲ್ಲ ಎನ್ನುವವರು ಒಂದು ಕಡೆ. ಪ್ರಶ್ನೆಯನ್ನೇ ಓದದೆ ಅದಕ್ಕೆ ಒಪ್ಪಿಸುವವರು ಇನ್ನೊಂದು ಕಡೆ. ನನ್ನ ಅಭಿಪ್ರಾಯ ಇಷ್ಟು: ಯಂತ್ರಕ್ಕೆ ಕೆಲಸ ಒಪ್ಪಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಆದರೆ ಕನಿಷ್ಠ ಮಿತಿ ಎಷ್ಟೆಂದು ಹೇಳಲು ಬರುವವನು ಮಾತ್ರ ಒಪ್ಪಿಸಬೇಕು. ಊರಿಗೆ ಎಷ್ಟು ಆಹಾರ ಬೇಕು ಎಂದು ತಿಳಿಯುವುದು ನಾಲ್ಕೈದು ಊರು ಕೈಯಾರೆ ಬೆಳೆಸಿದ ಮೇಲೆಯೇ. ಹಾಗೆಯೇ ಒಂದು ಸಾರ್ಟಿಂಗ್ ಪ್ರೋಗ್ರಾಮ್ ಎಲ್ಲಿ ಎಡವಬಹುದು ಎಂದು ತಿಳಿಯುವುದು ಅದನ್ನು ಕೆಲವು ಸಲ ಸ್ವಂತ ಬರೆದ ಮೇಲೆಯೇ. ಎಐ ಟೂಲ್ ಫ್ರೀಸಿವ್‌ನ ಗವರ್ನರ್‌ನಂತೆ ‘ನನ್ನಿಂದ ಆಗುತ್ತಿಲ್ಲ’ ಎಂದು ಪ್ರತಿ ಸಲ ಒಪ್ಪಿಕೊಳ್ಳುವುದೂ ಇಲ್ಲ. ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಕೊಡುತ್ತದೆ. ಆಗ ಊರನ್ನು ವಾಪಸ್ ತೆಗೆದುಕೊಂಡು ನಡೆಸಬಲ್ಲವರು ಬೇಕು. ಸಂದರ್ಶನದಲ್ಲಿ ‘ಈ ಸಾಲು ಯಾಕೆ ಹೀಗಿದೆ?’ ಎಂದು ಕೇಳಿದಾಗ ಉತ್ತರ ಹೇಳಬೇಕಾದದ್ದು ಟೂಲ್ ಅಲ್ಲ, ಎದುರು ಕೂತ ನಾವು.

ಆಡುವವರಿಗೆ ಕೊನೆಯದಾಗಿ ಒಂದು ಸಲಹೆ. ಮೊದಲ ಐದು ಊರುಗಳನ್ನು ಪೂರ್ತಿ ಕೈಯಿಂದ ನಡೆಸಿ. ಆಮೇಲಿನ ಊರುಗಳಲ್ಲಿ ಪ್ರಜೆಗಳನ್ನು ಗವರ್ನರ್‌ಗೆ ವಹಿಸಿ, ಏನು ಕಟ್ಟಬೇಕೆಂಬ ಪಟ್ಟಿ ನಿಮ್ಮ ಬಳಿಯೇ ಇರಲಿ. ಗಡಿಯ ಊರನ್ನೂ ರಾಜಧಾನಿಯನ್ನೂ ಯಾರಿಗೂ ಬಿಟ್ಟುಕೊಡಬೇಡಿ. ಹತ್ತು ಟರ್ನ್‌ಗೊಮ್ಮೆ ಎಲ್ಲ ಊರುಗಳನ್ನೂ ಒಂದು ಸುತ್ತು ಹಾಕಿ ಬನ್ನಿ. ಆಟ ಕೊನೆ ಮುಟ್ಟುತ್ತದೆ, ಗೆದ್ದರೂ ಸೋತರೂ ಆಡಿದ್ದು ನೀವೇ ಎಂಬ ತೃಪ್ತಿ ಇರುತ್ತದೆ.